ಮನೆಯ ಮೀಡಿಯಾ ಸರ್ವರ್‌ಗೆ ಎಷ್ಟು ಜಾಗ ಬೇಕು, ಎಷ್ಟು ಸ್ಪೀಡ್ ಬೇಕು?

ಮನೆಯಲ್ಲೊಂದು ಮೀಡಿಯಾ ಸರ್ವರ್ ಇಡೋಣ ಅಂತ ಹೊರಟವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಈಗಿರುವ 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಇಂಟರ್ನೆಟ್ ಸಾಕಾ, 300ರ ಪ್ಲಾನ್‌ಗೆ ಹೋಗಬೇಕಾ? ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ಚಿಪ್‌ಗಳ ವೇಗದ ಡಿಸ್ಕ್) ಹಾಕಿದರೆ ವಿಡಿಯೋ ತಡೆಯಿಲ್ಲದೆ ಓಡುತ್ತದಾ? ಎರಡೂ ಬೇಕಾಗಿಲ್ಲ. ಸರ್ವರ್‌ನಲ್ಲಿರುವ ವಿಡಿಯೋವನ್ನು ಅದೇ ಮನೆಯ ಟಿವಿಯಲ್ಲಿ ನೋಡುವಾಗ ಡೇಟಾ ರೂಟರ್‌ನವರೆಗೆ ಹೋಗಿ ಅಲ್ಲಿಂದಲೇ ಟಿವಿಗೆ ತಿರುಗುತ್ತದೆ, ಬೀದಿಗೆ ಇಳಿಯುವುದೇ ಇಲ್ಲ. ಇನ್ನು ವಿಡಿಯೋ ಓಡಿಸುವುದಕ್ಕೆ ಸಾಧಾರಣ ಹಾರ್ಡ್ ಡಿಸ್ಕಿನ ವೇಗವೇ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ. ದುಡ್ಡು ಹಾಕಬೇಕಾದ್ದು ಮೂರು ಕಡೆ: ಡಿಸ್ಕಿನ ಗಾತ್ರಕ್ಕೆ, ಅದರ ಇನ್ನೊಂದು ಪ್ರತಿಗೆ, ಮತ್ತೆ ಒಂದು ಒಳ್ಳೆಯ ಕೇಬಲ್‌ಗೆ.

ಮೀಡಿಯಾ ಸರ್ವರ್ ಅಂದರೆ ದೊಡ್ಡ ಯಂತ್ರವೇನಲ್ಲ. ಹಳೆಯ ಲ್ಯಾಪ್‌ಟಾಪ್ ಆಗಬಹುದು, ಮಿನಿ ಪಿಸಿ ಆಗಬಹುದು, ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರ್ ಕೂಡ ಆಗಬಹುದು. ಅದರಲ್ಲಿ ಜೆಲ್ಲಿಫಿನ್, ಪ್ಲೆಕ್ಸ್ ಅಥವಾ ಎಂಬಿ (Emby) ಅಂಥ ಒಂದು ಸಾಫ್ಟ್‌ವೇರ್ ಹಾಕಿದರೆ ಡಿಸ್ಕ್‌ನಲ್ಲಿರುವ ಫೋಟೋ, ಹಾಡು, ವಿಡಿಯೋ ಎಲ್ಲವೂ ಮನೆಯ ಟಿವಿ, ಫೋನುಗಳಲ್ಲಿ ಅಂದವಾಗಿ ಕಾಣುತ್ತವೆ. ಜೆಲ್ಲಿಫಿನ್ 2018ರ ಕೊನೆಯಲ್ಲಿ ಈ ಎಂಬಿ ಸಾಫ್ಟ್‌ವೇರ್‌ನಿಂದ ಕವಲೊಡೆದು ಬಂದದ್ದು. ಪೂರ್ತಿ ಉಚಿತ, ಕೋಡ್ ಕೂಡ ಎಲ್ಲರಿಗೂ ತೆರೆದಿದೆ. ಹೊಸಬರಿಗೆ ನಾನು ಹೇಳುವುದು ಅದನ್ನೇ.

ಎಲ್ಲ ಲೆಕ್ಕವೂ ಬಿಟ್‌ರೇಟ್‌ನಿಂದ

ಒಂದು ವಿಡಿಯೋ ಪ್ರತಿ ಸೆಕೆಂಡಿಗೆ ಎಷ್ಟು ಡೇಟಾ ಕೇಳುತ್ತದೆ ಅನ್ನುವುದೇ ಬಿಟ್‌ರೇಟ್. ಜಾಗದ ಲೆಕ್ಕ, ಸ್ಪೀಡ್ ಲೆಕ್ಕ ಎರಡೂ ಇದರಿಂದಲೇ ಹುಟ್ಟುತ್ತವೆ. ಆದರೆ ಇಲ್ಲೊಂದು ತೊಡಕಿದೆ. ನೆಟ್‌ವರ್ಕ್‌ನವರು ಬಿಟ್‌ನಲ್ಲಿ ಹೇಳುತ್ತಾರೆ, ಡಿಸ್ಕ್‌ನವರು ಬೈಟ್‌ನಲ್ಲಿ ಹೇಳುತ್ತಾರೆ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ 100 ಮೆಗಾಬಿಟ್ ಅಂದರೆ ಸೆಕೆಂಡಿಗೆ ಹನ್ನೆರಡೂವರೆ ಮೆಗಾಬೈಟ್ ಮಾತ್ರ. ಗಿಗಾಬಿಟ್ ಅಂದರೆ 125 ಮೆಗಾಬೈಟ್, ಬಳಕೆಯಲ್ಲಿ ಕೈಗೆ ಸಿಗುವುದು 110ರ ಆಸುಪಾಸು. ಮುಂದೆ ನಾನು ಮೆಗಾಬಿಟ್ ಅಂದಾಗಲೆಲ್ಲ ಅದು ಸೆಕೆಂಡಿನ ಲೆಕ್ಕ.

ಜಾಗಕ್ಕೆ ಒಂದು ಸುಲಭ ಸೂತ್ರ ಇದೆ. ಬಿಟ್‌ರೇಟನ್ನು 0.45ರಿಂದ ಗುಣಿಸಿ, ಒಂದು ಗಂಟೆಯ ವಿಡಿಯೋ ಎಷ್ಟು ಜಿಬಿ ಅಂತ ಸಿಗುತ್ತದೆ. 10 ಮೆಗಾಬಿಟ್‌ನ ವಿಡಿಯೋ ಗಂಟೆಗೆ ನಾಲ್ಕೂವರೆ ಜಿಬಿ. 100 ಮೆಗಾಬಿಟ್‌ನದ್ದು ಗಂಟೆಗೆ 45 ಜಿಬಿ. ಅಷ್ಟೇ.

ಈಗ ಮನೆಯಲ್ಲಿ ಸಿಗುವ ಫೈಲುಗಳನ್ನು ಒಂದೊಂದಾಗಿ ನೋಡೋಣ. ಸಿಡಿಯ ಹಾಡು 1.4 ಮೆಗಾಬಿಟ್, ಎಂಪಿ3 ಮಾಡಿದರೆ ಹೆಚ್ಚೆಂದರೆ 0.32. ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಡಿವಿಡಿ ಸುಮಾರು 5, ಏರಿದರೆ 10ರ ಹತ್ತಿರ. ಮಾಮೂಲಿ ಬ್ಲೂ-ರೇ 25ರಿಂದ 35. 4ಕೆ ಬ್ಲೂ-ರೇ 50ರಿಂದ 80ರ ನಡುವೆ ಓಡಾಡುತ್ತದೆ, ಕೆಲವು ದೃಶ್ಯಗಳಲ್ಲಿ 100 ದಾಟುತ್ತದೆ. ಹೋಲಿಕೆಗೆ ಹೇಳುವುದಾದರೆ, ನೆಟ್‌ಫ್ಲಿಕ್ಸ್ ತನ್ನ 4ಕೆ ಚಿತ್ರಗಳಿಗೆ 15 ಮೆಗಾಬಿಟ್ ಇಂಟರ್ನೆಟ್ ಇರಲಿ ಅನ್ನುತ್ತದೆ. ಅವರು ಅಷ್ಟು ಬಿಗಿಯಾಗಿ ಕಂಪ್ರೆಸ್ ಮಾಡಿ ಕಳಿಸುತ್ತಾರೆ.

ನಿಜವಾಗಿ ಜಾಗ ತಿನ್ನುವುದು ಸಿನಿಮಾಗಳಲ್ಲ, ನಾವೇ ತೆಗೆದ ವಿಡಿಯೋಗಳು. ಐಫೋನಿನಲ್ಲಿ 4ಕೆ, ಸೆಕೆಂಡಿಗೆ 30 ಫ್ರೇಮ್‌ನಲ್ಲಿ ತೆಗೆದರೆ ನಿಮಿಷಕ್ಕೆ ಸುಮಾರು 170 ಎಂಬಿ. ಅದನ್ನೇ 60 ಫ್ರೇಮ್‌ಗೆ ಏರಿಸಿದರೆ 400 ಎಂಬಿ, ಅಂದರೆ ಗಂಟೆಗೆ 24 ಜಿಬಿ. ಮಿನಿ ಡಿವಿ ಕ್ಯಾಸೆಟ್ಟುಗಳು ಎಷ್ಟೋ ಮನೆಗಳ ಬೀರುವಿನಲ್ಲಿ ಇನ್ನೂ ಇವೆ. ಅವನ್ನು ಇದ್ದ ಹಾಗೆಯೇ ಕಂಪ್ಯೂಟರಿಗೆ ಇಳಿಸಿಕೊಂಡರೆ ಗಂಟೆಗೆ ಸುಮಾರು 13 ಜಿಬಿ. ಇನ್ನು ಮದುವೆ ವಿಡಿಯೋ. ಎಡಿಟ್ ಮಾಡಿ ಪೆನ್‌ಡ್ರೈವ್‌ನಲ್ಲಿ ಕೊಡುವ ಪ್ರತಿ ಚಿಕ್ಕದಿರಬಹುದು, ಆದರೆ ಕ್ಯಾಮೆರಾದಿಂದ ನೇರವಾಗಿ ಬಂದ 4ಕೆ ಫೈಲು ಸಾಮಾನ್ಯವಾಗಿ 100 ಮೆಗಾಬಿಟ್. ಎರಡು ಕ್ಯಾಮೆರಾ, ತಲಾ ಆರು ಗಂಟೆ ಅಂದುಕೊಳ್ಳಿ. 540 ಜಿಬಿ ಆಯಿತು. ಒಂದು ಮದುವೆಗೆ!

ನಿಮ್ಮ ಫೈಲಿನ ಬಿಟ್‌ರೇಟ್ ಎಷ್ಟು ಅಂತ ಊಹೆ ಮಾಡಬೇಕಾಗಿಲ್ಲ. ಮೀಡಿಯಾಇನ್ಫೋ ಅನ್ನುವ ಪುಟ್ಟ ಉಚಿತ ಸಾಫ್ಟ್‌ವೇರ್ ಇದೆ. ಅದರಲ್ಲಿ ಫೈಲನ್ನು ತೆರೆದರೆ ಒಟ್ಟು ಬಿಟ್‌ರೇಟ್, ಯಾವ ಕೋಡೆಕ್ (ವಿಡಿಯೋವನ್ನು ಕಂಪ್ರೆಸ್ ಮಾಡಿದ ವಿಧಾನ), ಎಷ್ಟು ಆಡಿಯೋ ಟ್ರ್ಯಾಕ್, ಎಲ್ಲ ಬರುತ್ತದೆ. ಖರೀದಿಗೆ ಹೋಗುವ ಮೊದಲು ನಿಮ್ಮಲ್ಲಿರುವ ಫೈಲುಗಳಲ್ಲಿ ಅತಿ ದೊಡ್ಡವನ್ನು ಹೀಗೆ ನೋಡಿಬಿಡಿ. ಅರ್ಧ ಗೊಂದಲ ಅಲ್ಲೇ ಪರಿಹಾರ ಆಗುತ್ತದೆ.

ಡಿಸ್ಕ್: ವೇಗ ಸಾಕಷ್ಟಿದೆ, ಜಾಗ ಲೆಕ್ಕ ಹಾಕಿ

ಒಂದು ಮನೆಯ ಲೆಕ್ಕ ಹಾಕೋಣ. ಅರವತ್ತು ಡಿವಿಡಿ, ತಲಾ 7 ಜಿಬಿ ಅಂದರೆ 420 ಜಿಬಿ. ಇಪ್ಪತ್ತು ಬ್ಲೂ-ರೇಗೆ 600. ಮೇಲೆ ಹೇಳಿದ ಮದುವೆಯ ಮೂಲ ಫೈಲುಗಳು 540. ತಲಾ 4 ಎಂಬಿಯ 50,000 ಫೋಟೋ ಅಂದರೆ 200. ಫೋನಿನ ವಿಡಿಯೋಗಳು ಒಂದು 300. ಹಾಡುಗಳು 100. ಒಟ್ಟು 2,160 ಜಿಬಿ. 2 ಟಿಬಿ ಡಿಸ್ಕಿಗೆ ಹಿಡಿಸುವುದಿಲ್ಲ, 4 ಟಿಬಿ ಬೇಕು.

ಆ 4 ಟಿಬಿ ಡಿಸ್ಕನ್ನು ವಿಂಡೋಸ್‌ಗೆ ಹಾಕಿದರೆ 3.63 ಟಿಬಿ ಅಂತ ತೋರಿಸುತ್ತದೆ. ಅಂಗಡಿಯವರು ಮೋಸ ಮಾಡಿದ್ದಲ್ಲ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುತ್ತದೆ. ಜೊತೆಗೆ ಡಿಸ್ಕನ್ನು ಕುತ್ತಿಗೆವರೆಗೆ ತುಂಬಿಸುವುದು ಒಳ್ಳೆಯದಲ್ಲ. ಐದರಲ್ಲಿ ನಾಲ್ಕು ಭಾಗ ತುಂಬಿತು ಅಂದಾಗ ಮುಂದಿನ ಡಿಸ್ಕ್ ಬಗ್ಗೆ ಯೋಚಿಸಿ.

ವೇಗದ ಮಾತಿಗೆ ಬರೋಣ. ಇವತ್ತಿನ ಸಾಧಾರಣ 3.5 ಇಂಚಿನ ಹಾರ್ಡ್ ಡಿಸ್ಕ್ ದೊಡ್ಡ ಫೈಲನ್ನು ಸೆಕೆಂಡಿಗೆ 150 ಮೆಗಾಬೈಟ್‌ನಷ್ಟು ಓದುತ್ತದೆ. ಅಂದರೆ 1,200 ಮೆಗಾಬಿಟ್. ಈಗ ಮನೆಯ ಸಂಜೆಯೊಂದನ್ನು ನೆನೆಸಿಕೊಳ್ಳಿ. ಹಾಲ್‌ನಲ್ಲಿ 60 ಮೆಗಾಬಿಟ್‌ನ 4ಕೆ ಚಿತ್ರ ಓಡುತ್ತಿದೆ, ರೂಮಿನಲ್ಲಿ 30ರ ಬ್ಲೂ-ರೇ, ಅಜ್ಜಿಯ ಟ್ಯಾಬ್‌ನಲ್ಲಿ ಹಾಡು. ಮೂರೂ ಸೇರಿ 92 ಮೆಗಾಬಿಟ್ ಕೂಡ ಇಲ್ಲ. ಡಿಸ್ಕಿನ ಸಾಮರ್ಥ್ಯದ ಹತ್ತರಲ್ಲಿ ಒಂದು ಭಾಗವೂ ಆಗಲಿಲ್ಲ. ಮೂರು ಕಡೆಯಿಂದ ಕೇಳಿದಾಗ ಡಿಸ್ಕಿನ ಹೆಡ್ ಅತ್ತಿತ್ತ ಓಡಾಡಬೇಕಾದ್ದರಿಂದ ವೇಗ ಸ್ವಲ್ಪ ಇಳಿಯುತ್ತದೆ, ಆದರೂ ಒಂದು ಮನೆಗೆ ಧಾರಾಳವಾಗಿ ಸಾಕು.

ಹಾಗಾದರೆ ಎಸ್‌ಎಸ್‌ಡಿ ಸುಮ್ನೆನಾ? ಹಾಗಲ್ಲ. ಅದರ ಜಾಗ ಬೇರೆ. ಸಾಫ್ಟ್‌ವೇರ್, ಅದರ ಡೇಟಾಬೇಸ್, ಪೋಸ್ಟರ್‌ಗಳು, ಫೋಟೋಗಳ ಥಂಬ್‌ನೇಲ್, ಇವೆಲ್ಲ ಸಾವಿರಾರು ಚಿಕ್ಕ ಚಿಕ್ಕ ಫೈಲುಗಳು. ಇವನ್ನು ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟರೆ ಪಟ್ಟಿ ಸರಿಸುವಾಗ ಒಂದೊಂದು ಚಿತ್ರವೂ ತಡವಾಗಿ ಮೂಡುತ್ತದೆ, ಸರ್ವರ್ ನಿಧಾನ ಅಂತ ಅನಿಸುತ್ತದೆ. 256 ಜಿಬಿಯ ಒಂದು ಎಸ್‌ಎಸ್‌ಡಿಯಲ್ಲಿ ಸಾಫ್ಟ್‌ವೇರ್, ದೊಡ್ಡ ಹಾರ್ಡ್ ಡಿಸ್ಕ್‌ನಲ್ಲಿ ವಿಡಿಯೋ. ಇದಕ್ಕಿಂತ ಒಳ್ಳೆಯ ಜೋಡಿ ಮನೆಗೆ ಬೇಕಾಗಿಲ್ಲ.

ಡಿಸ್ಕ್ ಸಿಕ್ಕಿಸುವ ಪೋರ್ಟ್ ನೋಡಿಕೊಳ್ಳಿ. ಯುಎಸ್‌ಬಿ 2 ಪೋರ್ಟ್‌ನಲ್ಲಿ ಸೆಕೆಂಡಿಗೆ 30ರಿಂದ 40 ಮೆಗಾಬೈಟ್ ಮಾತ್ರ ಹೋಗುತ್ತದೆ. ನೋಡುವುದಕ್ಕೆ ಅದೂ ಸಾಕು, ಆದರೆ 2 ಟಿಬಿ ತುಂಬಿಸಲು ಹದಿನೈದು ಗಂಟೆ ಹಿಡಿಯುತ್ತದೆ. ರಾಸ್ಪ್‌ಬೆರಿ ಪೈ ಬಳಸುವವರು ಮಾದರಿ 4 ಅಥವಾ 5 ತೆಗೆದುಕೊಳ್ಳಲಿ. ಅದಕ್ಕೆ ಹಿಂದಿನ 3ಬಿ ಪ್ಲಸ್‌ನಲ್ಲಿ ಈಥರ್ನೆಟ್ ಕೂಡ ಯುಎಸ್‌ಬಿ 2ರ ಮೂಲಕವೇ ಹೋಗುವುದರಿಂದ ಗಿಗಾಬಿಟ್ ಅಂತ ಬರೆದಿದ್ದರೂ 300 ಮೆಗಾಬಿಟ್ ದಾಟುವುದಿಲ್ಲ. ಪೈನಿಂದಲೇ ಕರೆಂಟ್ ಎಳೆಯುವ ಡಿಸ್ಕುಗಳು ಆಗಾಗ ಕೈಕೊಡುತ್ತವೆ. ತನ್ನದೇ ಅಡಾಪ್ಟರ್ ಇರುವ ಡಿಸ್ಕ್ ಅಥವಾ ಪವರ್ ಇರುವ ಯುಎಸ್‌ಬಿ ಹಬ್ ಒಳ್ಳೆಯದು.

ಕರೆಂಟ್ ವಿಷಯ ಬಂದಿದ್ದಕ್ಕೆ ಇನ್ನೊಂದು ಮಾತು. ಮಲೆನಾಡಿನ ಮಳೆಗಾಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಡಿಸ್ಕ್‌ಗೆ ಬರೆಯುತ್ತಿರುವಾಗ ಕರೆಂಟ್ ಹೋದರೆ ಫೈಲ್ ಸಿಸ್ಟಮ್ ಕೆಡಬಹುದು. ಮನೆಯ ಇನ್ವರ್ಟರ್ ಬದಲಾಗುವ ಆ ಒಂದು ಕ್ಷಣವೇ ಕೆಲವು ಮಿನಿ ಪಿಸಿಗಳು ರೀಸ್ಟಾರ್ಟ್ ಆಗಲು ಸಾಕು. ಸರ್ವರ್, ರೂಟರ್ ಎರಡಕ್ಕೂ ಒಂದು ಚಿಕ್ಕ ಯುಪಿಎಸ್ ಹಾಕಿ. ಸ್ಪೀಡಿಗೆ ಖರ್ಚು ಮಾಡುವ ದುಡ್ಡಿಗಿಂತ ಇದು ಹೆಚ್ಚು ಕೆಲಸಕ್ಕೆ ಬರುತ್ತದೆ.

ತಡೆ ಇರುವುದು ದಾರಿಯಲ್ಲಿ

ವಿಡಿಯೋ ನಿಂತು ನಿಂತು ಓಡಿದರೆ ಅದರ ಕಾರಣ ಹೆಚ್ಚಿನ ಸಲ ಡಿಸ್ಕಿನಿಂದ ಟಿವಿಯವರೆಗಿನ ದಾರಿಯಲ್ಲಿ ಇರುತ್ತದೆ. ಆ ದಾರಿಯಲ್ಲಿ ಎಲ್ಲಕ್ಕಿಂತ ಕಿರಿದಾದ ಜಾಗ ಯಾವುದೋ ಅದರ ವೇಗವೇ ಇಡೀ ದಾರಿಯ ವೇಗ.

ಮೊದಲು ವೈಫೈ. 2.4 ಗಿಗಾಹರ್ಟ್ಸ್ ಬ್ಯಾಂಡ್ ಮನೆ ತುಂಬಾ ಹರಡುತ್ತದೆ ನಿಜ, ಆದರೆ ಅದರಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಇರುವುದು ಮೂರೇ: 1, 6 ಮತ್ತು 11. ಅಪಾರ್ಟ್‌ಮೆಂಟ್‌ನಲ್ಲಿ ಹತ್ತಾರು ಮನೆಯ ರೂಟರ್‌ಗಳು ಈ ಮೂರರಲ್ಲೇ ಹಂಚಿಕೊಳ್ಳಬೇಕು. ಕೈಗೆ 30, 40 ಮೆಗಾಬಿಟ್ ಸಿಕ್ಕರೆ ದೊಡ್ಡದು. ಡಿವಿಡಿಗೆ ಸಾಕು, ಬ್ಲೂ-ರೇಗೆ ಕಷ್ಟ. 5 ಗಿಗಾಹರ್ಟ್ಸ್ ಬ್ಯಾಂಡ್ ಅದೇ ಕೋಣೆಯಲ್ಲಿ 300ರಿಂದ 500 ಮೆಗಾಬಿಟ್ ಸುಲಭವಾಗಿ ಕೊಡುತ್ತದೆ. ಆದರೆ ನಮ್ಮ ಮನೆಗಳ ಗೋಡೆ ಇಟ್ಟಿಗೆಯದ್ದು, ಕಂಬ ಮತ್ತು ತಾರಸಿ ಕಾಂಕ್ರೀಟಿನದ್ದು. ಎರಡು ಗೋಡೆ ದಾಟುವಷ್ಟರಲ್ಲಿ ಅದು 100ಕ್ಕೂ ಕೆಳಗೆ ಇಳಿಯಬಹುದು. ತಾರಸಿ ದಾಟಿ ಮಹಡಿಗೆ ಹೋಗುವುದಂತೂ ಇನ್ನೂ ಕಷ್ಟ.

ಇನ್ನೊಂದು ಸಂಗತಿ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಸರ್ವರ್ ಕೂಡ ವೈಫೈನಲ್ಲೇ ಇದ್ದರೆ ಪ್ರತಿ ತುಣುಕು ಡೇಟಾವೂ ಗಾಳಿಯಲ್ಲಿ ಎರಡು ಸಲ ಹೋಗಬೇಕು, ಸರ್ವರ್‌ನಿಂದ ರೂಟರ್‌ಗೆ ಒಮ್ಮೆ, ರೂಟರ್‌ನಿಂದ ಟಿವಿಗೆ ಇನ್ನೊಮ್ಮೆ. ಒಂದೇ ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬಹುದು. ಹಾಗಾಗಿ ಸಿಗುವ ವೇಗ ಅರ್ಧಕ್ಕೆ ಇಳಿಯುತ್ತದೆ. ಅದಕ್ಕೇ ಹೇಳುವುದು, ಟಿವಿ ಬೇಕಿದ್ದರೆ ವೈಫೈನಲ್ಲಿರಲಿ, ಸರ್ವರ್ ಮಾತ್ರ ರೂಟರ್ ಪಕ್ಕದಲ್ಲಿ, ಕೇಬಲ್‌ನಲ್ಲೇ ಇರಲಿ. ಒಂದು ರೂಪಾಯಿ ಖರ್ಚಿಲ್ಲದೆ ಎಷ್ಟೋ ಮನೆಗಳ ಸಮಸ್ಯೆ ಇಷ್ಟಕ್ಕೇ ಮುಗಿಯುತ್ತದೆ.

ಈಗ ಕೇಬಲ್. ಕ್ಯಾಟ್ 5ಇ ಅಥವಾ ಕ್ಯಾಟ್ 6 ಕೇಬಲ್ 100 ಮೀಟರ್‌ವರೆಗೆ ಗಿಗಾಬಿಟ್ ಒಯ್ಯುತ್ತದೆ. ಆದರೆ ಗಿಗಾಬಿಟ್‌ಗೆ ಒಳಗಿರುವ ನಾಲ್ಕೂ ಜೋಡಿ ತಂತಿ ಸರಿ ಇರಬೇಕು. 100 ಮೆಗಾಬಿಟ್‌ಗೆ ಎರಡೇ ಜೋಡಿ ಸಾಕು. ಹಾಗಾಗಿ ಪ್ಲಗ್ ಕ್ರಿಂಪ್ ಮಾಡುವಾಗ (ತಂತಿಗಳ ಮೇಲೆ ಒತ್ತಿ ಕೂರಿಸುವಾಗ) ಉಳಿದ ಎರಡು ಜೋಡಿಯ ಒಂದು ತಂತಿ ಸರಿಯಾಗಿ ಕೂರದಿದ್ದರೂ ಸಂಪರ್ಕ ಕಡಿದು ಹೋಗುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿದು ಬಿಡುತ್ತದೆ. ಇಂಟರ್ನೆಟ್ ಪ್ಲಾನ್ 100ರದ್ದೇ ಆಗಿದ್ದರೆ ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. ಸರ್ವರ್ ಬಂದ ದಿನ ಗೊತ್ತಾಗುತ್ತದೆ. ರೂಟರ್‌ನ ಸೆಟ್ಟಿಂಗ್ ಪೇಜ್‌ನಲ್ಲಿ ಆ ಪೋರ್ಟಿನ ಲಿಂಕ್ ಸ್ಪೀಡ್ 1000 ಅಂತಿದೆಯಾ, 100 ಅಂತಿದೆಯಾ ನೋಡಿ. 100 ಅಂತಿದ್ದರೆ ಮೊದಲು ಎರಡೂ ತುದಿಯ ಪ್ಲಗ್ ಕತ್ತರಿಸಿ ಹೊಸದು ಹಾಕಿಸಿ.

ಕೇಬಲ್ ಕೊಳ್ಳುವಾಗ ತುದಿಯ ಒಂದು ತಂತಿಯನ್ನು ಬ್ಲೇಡಿನಿಂದ ಸ್ವಲ್ಪ ಕೆರೆದು ನೋಡಿ. ಒಳಗೂ ಕೆಂಪಾಗಿಯೇ ಇದ್ದರೆ ಪೂರ್ತಿ ತಾಮ್ರ. ಕೆರೆದಾಗ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ಕ್ಯಾಟ್ 6 ಅಂತ ಅಚ್ಚು ಹಾಕಿ ಮಾರುವ ಅಗ್ಗದ ಕೇಬಲ್‌ಗಳಲ್ಲಿ ಇದು ಮಾಮೂಲಿ. ಬಾಗಿಸಿದರೆ ಬೇಗ ತುಂಡಾಗುತ್ತದೆ. ಗೋಡೆಯೊಳಗಿನ ಪೈಪ್‌ನಲ್ಲಿ ಎಳೆಯುವ ಕೇಬಲ್ ಇಪ್ಪತ್ತು ವರ್ಷ ಅಲ್ಲೇ ಇರಬೇಕಾದ್ದು, ಅಲ್ಲಿ ದುಡ್ಡು ಉಳಿಸಬೇಡಿ.

ಇಷ್ಟೆಲ್ಲ ಸರಿ ಮಾಡಿ ಟಿವಿಗೆ ಕೇಬಲ್ ಸಿಕ್ಕಿಸಿದ ಮೇಲೂ 4ಕೆ ಬ್ಲೂ-ರೇ ಫೈಲು ತಡವರಿಸಿದರೆ? ಟಿವಿಯ ಪೋರ್ಟನ್ನೇ ಅನುಮಾನಿಸಿ. ಬಹಳಷ್ಟು 4ಕೆ ಟಿವಿಗಳಲ್ಲಿ ಈಗಲೂ ಈಥರ್ನೆಟ್ ಪೋರ್ಟ್ 100 ಮೆಗಾಬಿಟ್‌ನದ್ದು. ಅದರಲ್ಲಿ ನಿಜವಾಗಿ ಸಿಗುವುದು 94ರ ಆಸುಪಾಸು. ಸರಾಸರಿ 70 ಇರುವ ಚಿತ್ರ ಒಂದು ದೃಶ್ಯದಲ್ಲಿ 110ಕ್ಕೆ ಹಾರಿತು ಅಂದರೆ ಅಲ್ಲಿ ನಿಲ್ಲುತ್ತದೆ. ಇಂಥ ಕಡೆ ಮಾತ್ರ ಕೇಬಲ್ ತೆಗೆದು 5 ಗಿಗಾಹರ್ಟ್ಸ್ ವೈಫೈಗೆ ಹೋದರೆ ಚೆನ್ನಾಗಿ ಓಡುತ್ತದೆ. ಅಥವಾ ಗಿಗಾಬಿಟ್ ಪೋರ್ಟ್ ಇರುವ ಒಂದು ಸ್ಟ್ರೀಮಿಂಗ್ ಬಾಕ್ಸ್ ಇಟ್ಟುಕೊಳ್ಳಿ.

ಸ್ಪೀಡ್‌ಟೆಸ್ಟ್ ಆ್ಯಪ್‌ನಿಂದ ಇದ್ಯಾವುದೂ ಗೊತ್ತಾಗುವುದಿಲ್ಲ. ಅದು ಅಳೆಯುವುದು ಇಂಟರ್ನೆಟ್ಟನ್ನು. ಮನೆಯೊಳಗಿನ ವೇಗ ಅಳೆಯಲು ಐಪರ್ಫ್3 ಅನ್ನುವ ಸಾಫ್ಟ್‌ವೇರ್ ಇದೆ. ಸರ್ವರ್‌ನಲ್ಲಿ ಒಂದು ತುದಿ ಓಡಿಸಿ, ಲ್ಯಾಪ್‌ಟಾಪನ್ನು ಟಿವಿ ಇರುವ ಜಾಗದಲ್ಲೇ ಇಟ್ಟು ಇನ್ನೊಂದು ತುದಿ ಓಡಿಸಿ. ಹತ್ತು ಸೆಕೆಂಡಿನಲ್ಲಿ ಉತ್ತರ. ವೈಫೈನಲ್ಲಾದರೆ ಸರಾಸರಿಯನ್ನಷ್ಟೇ ನೋಡಬೇಡಿ, ಪ್ರತಿ ಸೆಕೆಂಡಿನ ಸಾಲನ್ನೂ ನೋಡಿ. ಸರಾಸರಿ 150 ಇದ್ದು ನಡುವೆ ಎರಡು ಸೆಕೆಂಡ್ 10ಕ್ಕೆ ಇಳಿದಿದ್ದರೆ ವಿಡಿಯೋ ನಿಲ್ಲುವುದು ಆ ಎರಡು ಸೆಕೆಂಡಿನಿಂದಲೇ.

ಸ್ಪೀಡ್ ಸರಿ ಇದ್ದೂ ನಿಂತರೆ

ಎಂಕೆವಿ ಫೈಲು ಅಂದರೆ ಒಂದು ಟಿಫಿನ್ ಡಬ್ಬಿ. ಹೊರಗಿನಿಂದ ನೋಡಿ ಒಳಗೆ ಚಿತ್ರಾನ್ನವೋ ಉಪ್ಪಿಟ್ಟೋ ಹೇಳಲಾಗುವುದಿಲ್ಲ. ಒಳಗಿನ ವಿಡಿಯೋದ ಕೋಡೆಕ್ ಎಚ್.264 ಇರಬಹುದು, ಎಚ್.265 ಇರಬಹುದು. ಟಿವಿಗೆ ಅದು ಅರ್ಥವಾದರೆ ಸರ್ವರ್ ಫೈಲನ್ನು ಹಾಗೆಯೇ ಕಳಿಸುತ್ತದೆ, ಅದಕ್ಕೆ ಹತ್ತು ವರ್ಷದ ಹಳೆಯ ಲ್ಯಾಪ್‌ಟಾಪ್ ಸಾಕು. ಅರ್ಥವಾಗದಿದ್ದರೆ ಸರ್ವರ್ ಅಲ್ಲಲ್ಲೇ ಬೇರೆ ರೂಪಕ್ಕೆ ಬದಲಿಸಿ ಕಳಿಸಬೇಕು. ಇದನ್ನೇ ಟ್ರಾನ್ಸ್‌ಕೋಡಿಂಗ್ ಅನ್ನುವುದು. ಇಲ್ಲಿ ಪ್ರೊಸೆಸರ್ ಬೆವರುತ್ತದೆ. ಇಂಟೆಲ್ 7ನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಇದ್ದರೆ ಅದರೊಳಗಿನ ಗ್ರಾಫಿಕ್ಸ್ ಭಾಗವೇ ಬಣ್ಣಕ್ಕೆ 10 ಬಿಟ್ ಬಳಸುವ ಎಚ್.265ನ್ನೂ ನಿಭಾಯಿಸುತ್ತದೆ. ರಾಸ್ಪ್‌ಬೆರಿ ಪೈ 5ರಲ್ಲಿ ವಿಡಿಯೋ ಎನ್‌ಕೋಡ್ ಮಾಡುವ ಹಾರ್ಡ್‌ವೇರ್ ಇಲ್ಲ. ನೇರವಾಗಿ ಕಳಿಸುವುದಕ್ಕೆ ಅದು ಚೆನ್ನ, ಟ್ರಾನ್ಸ್‌ಕೋಡಿಂಗ್‌ಗೆ ಆಗಿಬರುವುದಿಲ್ಲ.

ಸಬ್‌ಟೈಟಲ್ ಕೂಡ ಟ್ರಾನ್ಸ್‌ಕೋಡಿಂಗ್ ಶುರು ಮಾಡಿಸುತ್ತದೆ ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ಎಸ್‌ಆರ್‌ಟಿ ಬರೀ ಪಠ್ಯ, ಟಿವಿಯೇ ತೋರಿಸಿಕೊಳ್ಳುತ್ತದೆ. ಬ್ಲೂ-ರೇ ಸಬ್‌ಟೈಟಲ್‌ಗಳು ಚಿತ್ರಗಳು. ಅವನ್ನು ತೋರಿಸಲು ಬಾರದ ಟಿವಿಗೆ ಸರ್ವರ್ ಪ್ರತಿ ಫ್ರೇಮಿನ ಮೇಲೂ ಅಚ್ಚೊತ್ತಿ ಕಳಿಸಬೇಕು. ಕನ್ನಡ ಸಬ್‌ಟೈಟಲ್‌ಗೆ ಇನ್ನೊಂದು ತೊಂದರೆ ಇದೆ. ಕೆಲವು ಟಿವಿ ಪ್ಲೇಯರ್‌ಗಳಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಬರುತ್ತವೆ. ಸರ್ವರೇ ಅಚ್ಚೊತ್ತುವುದಾದರೆ ಅದರಲ್ಲಿ ನೋಟೋ ಸಾನ್ಸ್ ಕನ್ನಡದಂಥ ಫಾಂಟ್ ಇರಲೇಬೇಕು, ಇಲ್ಲದಿದ್ದರೆ ಅಕ್ಷರದ ಬದಲು ಚೌಕಗಳು ಕಾಣುತ್ತವೆ. ಸಬ್‌ಟೈಟಲ್ ಫೈಲನ್ನು ಯುಟಿಎಫ್-8ರಲ್ಲಿ (ಕನ್ನಡ ಅಕ್ಷರಗಳನ್ನೂ ಹಿಡಿದಿಡುವ ಪಠ್ಯ ರೂಪ) ಉಳಿಸಿ.

ದೂರದಿಂದ ನೋಡುವವರಿಗೆ

ಇಂಟರ್ನೆಟ್ ಪ್ಲಾನ್ ಲೆಕ್ಕಕ್ಕೆ ಬರುವುದು ಇಲ್ಲಿ. ಮಗಳು ಅಮೆರಿಕದಲ್ಲಿದ್ದಾಳೆ, ಶಿವಮೊಗ್ಗದ ಮನೆಯ ಸರ್ವರ್‌ನಿಂದ ಗೃಹಪ್ರವೇಶದ ವಿಡಿಯೋ ನೋಡಬೇಕು ಅಂದರೆ ಬೇಕಾಗುವುದು ಮನೆಯ ಅಪ್‌ಲೋಡ್ ಸ್ಪೀಡ್. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವ ಸಂಖ್ಯೆ ಡೌನ್‌ಲೋಡ್‌ನದ್ದು. ಎರಡೂ ಒಂದೇ ಇರುವ ಪ್ಲಾನ್‌ಗಳೂ ಇವೆ, ಇಲ್ಲದವೂ ಇವೆ. ಕೇಳಿಕೊಂಡೇ ತೆಗೆದುಕೊಳ್ಳಿ. ಅಷ್ಟು ದೂರಕ್ಕೆ ಡೇಟಾ ಹೋಗಿ ಬರಲು ಕಾಲು ಸೆಕೆಂಡ್ ಹಿಡಿಯುವುದರಿಂದ ಅಪ್‌ಲೋಡ್ 100 ಇದ್ದರೂ ಒಂದೇ ಸಂಪರ್ಕದಲ್ಲಿ ಅಷ್ಟೂ ಸಿಗುವುದು ಕಷ್ಟ. ದೂರದವರಿಗೆ 8 ಮೆಗಾಬಿಟ್‌ನ ಮಿತಿ ಹಾಕಿ, ಫುಲ್ ಎಚ್‌ಡಿ ಚಿತ್ರ ಚೆನ್ನಾಗಿಯೇ ಕಾಣುತ್ತದೆ.

ನಮ್ಮ ದೇಶದ ಎಷ್ಟೋ ಮನೆ ಸಂಪರ್ಕಗಳಿಗೆ ಸ್ವಂತ ಪಬ್ಲಿಕ್ ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ಮನೆಯನ್ನು ಗುರುತಿಸುವ ಸಂಖ್ಯೆ) ಇರುವುದಿಲ್ಲ, ಹಲವು ಗ್ರಾಹಕರು ಒಂದೇ ವಿಳಾಸ ಹಂಚಿಕೊಂಡಿರುತ್ತಾರೆ. ಇದಕ್ಕೆ ಸಿಜಿನ್ಯಾಟ್ ಅನ್ನುತ್ತಾರೆ. ಹೀಗಿದ್ದಾಗ ರೂಟರ್‌ನಲ್ಲಿ ಪೋರ್ಟ್ ತೆರೆದರೂ, ಅಂದರೆ ಹೊರಗಿನಿಂದ ಬರುವ ಸಂಪರ್ಕವನ್ನು ಒಳಗೆ ಬಿಡುವಂತೆ ಸೆಟ್ಟಿಂಗ್ ಮಾಡಿದರೂ, ಹೊರಗಿನವರಿಗೆ ದಾರಿ ಸಿಗುವುದಿಲ್ಲ. ಟೇಲ್‌ಸ್ಕೇಲ್‌ನಂಥ ವಿಪಿಎನ್ (ಇಂಟರ್ನೆಟ್ ಮೂಲಕ ಖಾಸಗಿ ದಾರಿ ಮಾಡಿಕೊಡುವ ಸಾಫ್ಟ್‌ವೇರ್) ಇದಕ್ಕೆ ಸುಲಭ ಪರಿಹಾರ. ಸರ್ವರ್‌ನಲ್ಲಿ ಒಮ್ಮೆ, ಮಗಳ ಲ್ಯಾಪ್‌ಟಾಪ್‌ನಲ್ಲಿ ಒಮ್ಮೆ ಹಾಕಿದರೆ ಎರಡೂ ಒಂದೇ ಮನೆಯಲ್ಲಿರುವಂತೆ ಕೆಲಸ ಮಾಡುತ್ತವೆ. ಪೋರ್ಟ್ ತೆರೆದಿಡುವುದಕ್ಕಿಂತ ಇದು ಸುರಕ್ಷಿತ ಕೂಡ.

ಇನ್ನೊಂದು ಪ್ರತಿ

ರೇಡ್ (ಹಲವು ಡಿಸ್ಕುಗಳನ್ನು ಜೋಡಿಸಿ ಒಂದಾಗಿ ಬಳಸುವ ವ್ಯವಸ್ಥೆ) ಹಾಕಿದ್ದೇನೆ, ಬ್ಯಾಕಪ್ ಯಾಕೆ ಅಂತ ಕೇಳುವವರಿದ್ದಾರೆ. ರೇಡ್ 1ರಲ್ಲಿ ಎರಡು ಡಿಸ್ಕ್‌ನಲ್ಲೂ ಒಂದೇ ಡೇಟಾ ಇರುತ್ತದೆ, ಒಂದು ಸತ್ತರೆ ಇನ್ನೊಂದು ಕೆಲಸ ಮುಂದುವರಿಸುತ್ತದೆ. ಸರಿ. ಆದರೆ ಕೈತಪ್ಪಿ ಫೋಲ್ಡರ್ ಅಳಿಸಿದರೆ ಎರಡರಲ್ಲೂ ಅದೇ ಕ್ಷಣ ಹೋಗುತ್ತದೆ. ಸಿಡಿಲು ಬಡಿದರೆ ಎರಡೂ ಒಟ್ಟಿಗೇ ಸುಡಬಹುದು. ಸಿನಿಮಾ ಡಿಸ್ಕ್ ಮತ್ತೆ ಕೊಳ್ಳಬಹುದು. ತಾತನ ಷಷ್ಟಿಪೂರ್ತಿಯ ವಿಡಿಯೋವನ್ನು ಎಲ್ಲಿಂದ ತರುವುದು? ಅದಕ್ಕೇ ಸಿನಿಮಾಗಳಿಗೆ ಬ್ಯಾಕಪ್ ಇಲ್ಲದಿದ್ದರೂ ನಡೆಯುತ್ತದೆ ಅನ್ನುತ್ತೇನೆ, ಮನೆಯ ಫೋಟೋ ಮತ್ತು ವಿಡಿಯೋಗಳ ಒಂದು ಪ್ರತಿ ಬೇರೆ ಡಿಸ್ಕ್‌ನಲ್ಲಿ, ಬೇರೆ ಮನೆಯಲ್ಲಿ ಇರಲೇಬೇಕು. ನಮ್ಮ ಲೆಕ್ಕದ ಮನೆಯಲ್ಲಿ ಅದು ಸುಮಾರು 1 ಟಿಬಿ. 2 ಟಿಬಿಯ ಒಂದು ಪೋರ್ಟಬಲ್ ಡಿಸ್ಕ್ ಸಾಕು.

ಆ 1 ಟಿಬಿಯನ್ನು ಗಿಗಾಬಿಟ್ ಕೇಬಲ್‌ನಲ್ಲಿ ಎರಡೂವರೆ ಗಂಟೆಯಲ್ಲಿ ನಕಲು ಮಾಡಬಹುದು. 100 ಮೆಗಾಬಿಟ್‌ಗೆ ಇಳಿದ ಕೇಬಲ್‌ನಲ್ಲಿ ಇಡೀ ದಿನ ಬೇಕು. 50 ಮೆಗಾಬಿಟ್‌ನ ಅಪ್‌ಲೋಡ್‌ನಲ್ಲಿ ಅಣ್ಣನ ಮನೆಗೆ ಕಳಿಸುವುದಾದರೆ ಸುಮಾರು 44 ಗಂಟೆ. ಹಾಗಾಗಿ ಮೊದಲ ಪ್ರತಿಯನ್ನು ಮನೆಯಲ್ಲೇ ಮಾಡಿ, ಹಬ್ಬಕ್ಕೆ ಹೋಗುವಾಗ ಡಿಸ್ಕನ್ನು ಕೈಯಲ್ಲೇ ಒಯ್ಯಿರಿ. ಅಲ್ಲಿ ಅದನ್ನು ಒಂದು ಪೈಗೆ ಸಿಕ್ಕಿಸಿ, ರಾತ್ರಿ ಹೊತ್ತು ಹೊಸ ಫೈಲುಗಳು ಮಾತ್ರ ಹೋಗುವಂತೆ ಆರ್‌ಸಿಂಕ್ ಅಥವಾ ಸಿಂಕ್‌ಥಿಂಗ್ ಅನ್ನುವ ಫೈಲು ನಕಲಿಸುವ ಸಾಫ್ಟ್‌ವೇರ್ ಹೊಂದಿಸಿ. ಸಿಂಕ್‌ಥಿಂಗ್‌ನಲ್ಲಿ ಆ ತುದಿಗೆ ಹಳೆಯ ಫೈಲುಗಳನ್ನು ಉಳಿಸಿಕೊಳ್ಳುವ ಆಯ್ಕೆ ಇದೆ, ಅದನ್ನು ಆನ್ ಮಾಡಿ. ಇಲ್ಲದಿದ್ದರೆ ಇಲ್ಲಿ ಅಳಿಸಿದ್ದು ಅಲ್ಲೂ ಅಳಿಸಿಹೋಗುತ್ತದೆ. ಒಂದು ದಿನ ಫೋನಿನಲ್ಲಿ ತೆಗೆದ ಫೋಟೋ, ವಿಡಿಯೋ ಎಲ್ಲ ಸೇರಿ 2 ಜಿಬಿ ಆಯಿತು ಅಂದುಕೊಳ್ಳಿ. ಅದೇ 50 ಮೆಗಾಬಿಟ್‌ನಲ್ಲಿ ಆರು ನಿಮಿಷದೊಳಗೆ ಹೋಗಿ ಸೇರುತ್ತದೆ.